ಇಲ್ಲ ಎಂಬುದರ ಸಾಕ್ಷಿ

ವಸ್ತುವೊಂದು ಇಲ್ಲವಾದ ಮೇಲೆ ಅದರ ಇಲ್ಲದಿರುವಿಕೆಯಾದರೂ ಇರುವುದೋ ಎಂಬ ಪ್ರಶ್ನೆಯನ್ನು ನ್ಯಾಯ-ವೈಶೇಷಿಕರು ಗಂಭೀರವಾಗಿಯೇ ಎತ್ತಿಕೊಂಡು, ಅಭಾವವನ್ನೂ ಒಂದು ಪದಾರ್ಥವೆಂದು ಪರಿಗಣಿಸಿದರು. ಉತ್ಪತ್ತಿಗೆ ಮುನ್ನಿನದು ಪ್ರಾಗಭಾವ, ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ವಿನಾಶದ ತರುವಾಯದ್ದು ಪ್ರಧ್ವಂಸಾಭಾವ, ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಯಾವುದೇ ಆಗಲಿ, ಏನು ಇಲ್ಲವೆಂಬ ಪ್ರತಿಯೋಗಿಯೂ ಎಲ್ಲಿ ಇಲ್ಲವೆಂಬ ಅಧಿಕರಣವೂ ತಿಳಿಯದೆ ಅಭಾವದ ಜ್ಞಾನವೇ ಸಂಭವಿಸದೆಂಬುದು ಅವರ ಸಿದ್ಧಾಂತ.

ಇದಕ್ಕೆ ಗಣಕದ ದತ್ತಾಂಶಕೋಶಕ್ಕಿಂತ ಸ್ಫುಟವಾದ ನಿದರ್ಶನ ದೊರೆಯಲಾರದು. 1970ರಲ್ಲಿ ಎಡ್ಗರ್ ಕಾಡ್ ನಿರೂಪಿಸಿದ ಸಂಬಂಧಾತ್ಮಕ ಮಾದರಿಯ ಕೋಶಗಳಲ್ಲಿ ಮಾಹಿತಿಯೆಲ್ಲ ಟೇಬಲ್ಲುಗಳ ಸಾಲುಗಳಲ್ಲಿ ನೆಲೆಸಿರುತ್ತದೆ. ಡಿಲೀಟ್ ಎಂಬ ಆಜ್ಞೆ ಆಯ್ದ ಸಾಲುಗಳನ್ನು ತೆಗೆಯುವುದು. ಟ್ರಂಕೇಟ್ ಎಲ್ಲ ಸಾಲುಗಳನ್ನೂ ಒಮ್ಮೆಗೇ ಬರಿದುಮಾಡಿ ಚೌಕಟ್ಟನ್ನು ಉಳಿಸುವುದು. ಡ್ರಾಪ್ ಚೌಕಟ್ಟನ್ನೂ ಹೆಸರನ್ನೂ ಕೂಡಿಯೇ ನಿರ್ಮೂಲಗೊಳಿಸುವುದು. ಮೊದಲೆರಡರ ಬಳಿಕ ತೆಗೆದ ಸಾಲುಗಳಿಗಾಗಿ ಕೋಶವನ್ನು ಕೇಳಿದರೆ ಸೊನ್ನೆ ಸಾಲುಗಳೆಂಬ ಉತ್ತರ ಬರುವುದು, ಅದು ಅಭಾವದ ಜ್ಞಾನ. ಮೂರನೆಯದರ ಬಳಿಕ ಅಂಥ ಟೇಬಲ್ಲೇ ಇಲ್ಲವೆಂಬ ದೋಷಸೂಚನೆ ಬರುವುದು, ಅಲ್ಲಿ ಪ್ರಶ್ನೆಗೇ ಅಧಿಕರಣ ತಪ್ಪಿಹೋಗಿರುತ್ತದೆ. ಬೇರೊಂದು ಟೇಬಲ್ಲು ಫಾರಿನ್ ಕೀ ಮೂಲಕ ಅದನ್ನು ಆಶ್ರಯಿಸಿದ್ದಲ್ಲಿ ಕೋಶವು ಸಾಮಾನ್ಯವಾಗಿ ಡ್ರಾಪನ್ನು ನಿರಾಕರಿಸುವುದು. ಆಶ್ರಿತರನ್ನು ವಿಚಾರಿಸದೆ ಆಶ್ರಯವನ್ನು ಕೆಡವಬಾರದೆಂಬ ವಿವೇಕವನ್ನು ಯಂತ್ರಕ್ಕೂ ಕಲಿಸಿದ್ದಾರೆ.

ಆದರೆ ಬರಿದಾದ ಸ್ಥಾನವು ಪ್ರಾಗಭಾವವನ್ನೂ ಪ್ರಧ್ವಂಸವನ್ನೂ ತಾನಾಗಿ ಬೇರ್ಪಡಿಸಿ ಹೇಳಲಾರದು. ಧಾರವಾಡ ತಾಲೂಕಿನ ಮುಗದದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ಹೊಲವೊಂದರ ಉತಾರವನ್ನು, ಎಂದರೆ ಪಹಣಿಯ ಪ್ರತಿಯನ್ನು, ಭಾವಿಸಿರಿ. ಕೈಬರಹದ ಪಹಣಿಗಳನ್ನು ‘ಭೂಮಿ’ ಯೋಜನೆಯು ಗಣಕಕ್ಕೆ ಏರಿಸಿದ ಮೇಲೆ ಅದು ತಾಲೂಕು ಕಚೇರಿಯಲ್ಲಿ ಅಚ್ಚಾಗಿ ಕೈಸೇರುವುದು. ಅದರಲ್ಲಿ ಆ ಮನೆಯ ಮಗಳ ಹೆಸರಿಲ್ಲವೆನ್ನೋಣ. ಎಂದೂ ದಾಖಲಾಗಲೇ ಇಲ್ಲವೋ, ದಾಖಲಾಗಿದ್ದು ಆಕೆ ಹಕ್ಕು ಬಿಟ್ಟುಕೊಟ್ಟುದರಿಂದ ಕಮ್ಮಿಯಾಯಿತೋ ಎಂಬುದನ್ನು ಆ ಉತಾರ ಹೇಳದು. ಮೊದಲನೆಯದಾದರೆ ಆ ಅಭಾವಕ್ಕೆ ಅಂತ್ಯವುಂಟು, ಆಕೆ ಇಂದಿಗೂ ಹಕ್ಕು ಕೇಳಬಹುದು. ಎರಡನೆಯದಾದರೆ ಹಾದಿ ಬಹುತೇಕ ಮುಚ್ಚಿದಂತೆಯೇ. ಇವೆರಡನ್ನೂ ವಿಂಗಡಿಸಿ ತೋರುವುದು, ವಾರಸಾ, ವಾಟ್ನಿ (ಪಾಲುಹಂಚಿಕೆ), ಖರೀದಿಗಳ ಕಾರಣವನ್ನೂ ತಾರೀಖನ್ನೂ ಹಿಡಿದಿಟ್ಟ ಹಕ್ಕು ಬದಲಾವಣೆಯ ವಹಿ.

ಅಳಿಸುವುದು ಅಧರ್ಮವಲ್ಲ, ಅಳಿಸದ ಕೋಶವೂ ಬಿಡದ ಮನಸ್ಸೂ ಭಾರದಿಂದಲೇ ಕುಸಿಯುವುವು. ಅಳಿಸಿದ್ದೆಂಬುದಕ್ಕೂ ಸಾಕ್ಷಿಯಿರದಂತೆ ಅಳಿಸುವುದೇ ಅಧರ್ಮ. ಆದುದರಿಂದ ಆಜ್ಞೆ ಕೊಡುವ ಕೈ ಮೊದಲು ಒಂದು ಪ್ರತಿಯನ್ನು ತೆಗೆದಿರಿಸಲಿ. ಯಾವುದನ್ನು, ಯಾರು, ಏತಕ್ಕಾಗಿ ತೆಗೆದರೆಂದು ಬರೆದಿಡಲಿ.