ಸಾಕಿದ ನಾಯಿಯೂ ಶ್ರಾವಕನ ವ್ರತವೂ

ಗೃಹಸ್ಥನು ಕೈಗೊಂಡ ವ್ರತದ ವ್ಯಾಪ್ತಿ ಆತನ ದೇಹದಷ್ಟಕ್ಕೇ ಮುಗಿಯುವುದಿಲ್ಲ. ಆತನ ಅಂಗಳದಲ್ಲಿ ಕಟ್ಟಿದ ಹಗ್ಗದ ತುದಿಯವರೆಗೂ ಅದು ಚಾಚಿಕೊಂಡಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬಿವೇ ಆ ಐದು. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಮೀರಿ ಹೊರೆ ಹೊರಿಸುವುದು, ಅನ್ನನೀರನ್ನು ತಡೆಯುವುದು ಎಂದು ಇವುಗಳ ಅರ್ಥ. ಈ ಐದನ್ನೂ ಒಟ್ಟಿಗೆ ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಕಾಡಿನಲ್ಲಿ ಸ್ವತಂತ್ರವಾಗಿ ತಿರುಗುವ ಪ್ರಾಣಿಯ ಅನ್ನವನ್ನು ಯಾರೂ ತಡೆಯಲಾರರು. ನಮ್ಮನ್ನೇ ನಂಬಿ, ನಮ್ಮ ಕೈಯನ್ನೇ ನೋಡುತ್ತ ಬದುಕುವ ಜೀವಕ್ಕೆ ಮಾತ್ರ ಈ ದೋಷಗಳು ತಗಲಬಲ್ಲವು. ಆಚಾರ್ಯರ ಕಾಲದಲ್ಲಿ ಎತ್ತು, ಕುದುರೆ, ಆಳುಗಳ ವಿಷಯದಲ್ಲಿ ಈ ಎಚ್ಚರಿಕೆ ಬೇಕಾಗಿತ್ತು. ಇಂದು ಮನೆಯ ಬಾಗಿಲಲ್ಲಿ ಎತ್ತುಗಳು ಕಡಿಮೆಯಾಗಿ ನಾಯಿಗಳು ಹೆಚ್ಚಿರುವಾಗ, ಶ್ರಾವಕನು ನಾಯಿಯನ್ನು ಸಾಕಬಹುದೇ, ಸಾಕಿದರೆ ಹೇಗೆ, ಮರಿ ಮಾಡಿಸಿ ಮಾರಬಹುದೇ ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಬದುಕನ್ನು ಬಲ್ಲವರಿಗೆ ನಾಯಿಯ ಉಪಕಾರವೇನೆಂಬುದನ್ನು ಹೇಳಬೇಕಾಗಿಲ್ಲ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಕುರಿಸಾಕಣೆ ಬಹುಕಾಲದ ಜೀವನಾಧಾರ. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದುದೂ ಈ ಕುರಿಗಳಿಂದಲೇ. ಕುರುಬರ ರೊಪ್ಪದಲ್ಲಿ, ಕಾಡುಗೊಲ್ಲರ ಹಟ್ಟಿಯಲ್ಲಿ ತೋಳ ಚಿರತೆಗಳ ಸುಳಿವನ್ನು ಮೊದಲು ತಿಳಿಸುವುದು ನಾಯಿ. ಕುರಿಗಾಹಿಯು ತಾನು ಉಣ್ಣುವ ರಾಗಿಮುದ್ದೆಯನ್ನೇ ಮುರಿದು ಅದಕ್ಕೆ ಹಾಕುತ್ತಾನೆ. ಅದು ರಾತ್ರಿಯೆಲ್ಲ ಎಚ್ಚರವಿದ್ದು ಆ ಋಣವನ್ನು ತೀರಿಸುತ್ತದೆ. ಪೇಟೆಯಲ್ಲಿ ಶೇಂಗಾ ದಾಸ್ತಾನು ಮಾಡಿದ ಮಂಡಿಗೂ, ಎಣ್ಣೆಯ ಗಿರಣಿಗೂ, ತೋಟದ ಮನೆಗೂ ನಾಯಿಯ ಕಾವಲಿದೆ. ಇವುಗಳ ಜೊತೆಗೆ ಈಚಿನ ವರ್ಷಗಳಲ್ಲಿ ಮತ್ತೊಂದು ಬಗೆಯ ಸಾಕಣೆಯೂ ಬೆಳೆದಿದೆ. ಹೊರದೇಶದ ತಳಿಗಳನ್ನು ಬೆಲೆ ಕೊಟ್ಟು ತರುವುದು, ಮರಿ ಮಾಡಿಸಿ ಮಾರುವುದು ಊರೂರಿಗೂ ಹಬ್ಬಿದೆ.

ನಾಯಿ ಸಾಕಿದವರು ನಾಲ್ವರು ಸೇರಿದರೆ ಮಾತಿಗೆ ಬರವಿಲ್ಲ. “ನಿಮ್ಮದು ಎಷ್ಟು ಮರಿ ಹಾಕೈತಣ್ಣ?” ಎಂದು ಒಬ್ಬನು ಕೇಳುತ್ತಾನೆ. “ಆರು ಹಾಕೈತೆ, ನಾಕು ಗಂಡು” ಎಂದು ಇನ್ನೊಬ್ಬನು ಹೇಳುತ್ತಾನೆ. ಯಾವುದರ ಕಿವಿ ನಿಗುರಿದೆ, ಯಾವುದರ ಬಾಲ ಸುರುಳಿಯಾಗಿದೆ, ಯಾವುದಕ್ಕೆ ಎಷ್ಟು ಬೆಲೆ ಬಂದಿತು, ಯಾವ ಸೂಜಿ ಹಾಕಿಸಬೇಕು ಎಂದು ಮಾತು ಸಾಗುತ್ತದೆ. ಇದರಲ್ಲಿ ಬಹುಪಾಲು ನಿರ್ದೋಷವಾದ ಸಂತೋಷವೇ. ಆದರೆ ಮಾತು ಬೆಳೆದಂತೆ ಒಬ್ಬನು ತನ್ನ ನಾಯಿ ಕಾವಲಿನಲ್ಲಿ ಮೊಲವನ್ನು ಹೇಗೆ ಅಟ್ಟಿ ಹಿಡಿಯಿತೆಂದು ಬಣ್ಣಿಸುತ್ತಾನೆ. ಉಳಿದವರು “ಭಲೆ” ಎನ್ನುತ್ತಾರೆ. ಶ್ರಾವಕನು ಎಚ್ಚರಗೊಳ್ಳಬೇಕಾದ ಸ್ಥಳ ಇದೇ. ಹಿಂಸೆಯು ಕೃತ, ಕಾರಿತ, ಅನುಮೋದನ ಎಂದು ಮೂರು ಬಗೆಯೆಂದು ಆಗಮವು ಸಾರುತ್ತದೆ. ನಾಯಿ ತಾನಾಗಿ ಓಡಿ ಹಿಡಿದುದು ಒಡೆಯನ ಕೃತವಲ್ಲ. ಛೂ ಬಿಟ್ಟರೆ ಅದು ಕಾರಿತವಾಯಿತು. ಛೂ ಬಿಡದಿದ್ದರೂ, ಆಮೇಲೆ ಕುಳಿತು ಹಿಗ್ಗಿ ಹೇಳಿದರೆ, ಕೇಳಿ ತಲೆದೂಗಿದರೆ ಅದು ಅನುಮೋದನೆಯಾಯಿತು. ಕತ್ತಿಯನ್ನು ಮುಟ್ಟದ ಕೈಗೂ ಕಟ್ಟೆಯ ಮೇಲಿನ ಹರಟೆಯಿಂದ ಪಾಪವು ಅಂಟಬಲ್ಲುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಆ ಕಾಯಿದೆ ಬೇಟೆಗಾರನನ್ನು ಹಿಡಿಯುತ್ತದೆ, ಮೆಚ್ಚಿ ತಲೆದೂಗಿದವನನ್ನು ಹಿಡಿಯುವುದಿಲ್ಲ. ವ್ರತವು ಆತನನ್ನೂ ಬಿಡುವುದಿಲ್ಲ.

ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆಯನ್ನು ಜೈನ ಮನೆಗಳಲ್ಲಿ ಅರಿಯದವರು ವಿರಳ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನು ನವಿಲಾಗಿಯೂ ಆತನ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟುತ್ತಾರೆ. ಆ ನಾಯಿಯೇ ಆ ನವಿಲನ್ನು ಕಚ್ಚಿ ಕೊಲ್ಲುತ್ತದೆ. ತಾಯಿಯಾಗಿದ್ದ ಜೀವವು ಮಗನಾಗಿದ್ದ ಜೀವವನ್ನು ಬಾಯಲ್ಲಿ ಹಿಡಿದಿರುವ ಆ ಚಿತ್ರವನ್ನು ನೆನೆದವನು, ನಾಯಿಯ ಬಾಯಲ್ಲಿ ಮೊಲವನ್ನು ಕಂಡು ಹಿಗ್ಗಲಾರನು.

ಇನ್ನು ಬಂಧದ ವಿಚಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವೆಂಬ ಅನರ್ಥದಂಡವನ್ನು ವಿವರಿಸುವಾಗ ಕೊಡಲಿ, ಕತ್ತಿ, ಬೆಂಕಿಗಳ ಸಾಲಿನಲ್ಲಿ ಸರಪಣಿಯನ್ನೂ ಎಣಿಸಿದ್ದಾರೆ. ನಾಯಿಯನ್ನು ಕಟ್ಟಲೇಬಾರದೆಂದು ಇದರ ಅರ್ಥವಲ್ಲ. ದಾರಿಹೋಕರನ್ನು ಕಚ್ಚದಂತೆ, ವಾಹನಕ್ಕೆ ಸಿಕ್ಕದಂತೆ ಕೆಲವು ಹೊತ್ತು ಕಟ್ಟುವುದು ಎರಡು ಕಡೆಯ ಜೀವಗಳಿಗೂ ಹಿತ. ಹುಚ್ಚುನಾಯಿ ರೋಗದ ಭಯವಿರುವಾಗ ಲಸಿಕೆ ಹಾಕಿಸುವುದೂ ಅಹಿಂಸೆಯ ಅಂಗವೇ. ಆದರೆ ಮರಿಯಾಗಿದ್ದಂದಿನಿಂದ ಸಾಯುವವರೆಗೂ ಮೂರು ಮೊಳದ ಸರಪಣಿಯಲ್ಲಿ ಮಂಡಿಯ ಮೂಲೆಗೆ ಬಿಗಿದಿಡುವುದು ಶುದ್ಧಾಂಗವಾದ ಅತಿಚಾರ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಕೂಡ, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದನ್ನು ಅಪರಾಧವೆಂದು ಎಣಿಸಿದೆ. ಅಂದಕ್ಕೆಂದು ಬಾಲ ಕಿವಿಗಳನ್ನು ಕತ್ತರಿಸುವುದು ಛೇದವೆಂಬುದರಲ್ಲಿ ಸಂದೇಹವೇ ಇಲ್ಲ. ಹಿಮದ ನಾಡಿಗಾಗಿ ದಟ್ಟ ರೋಮ ಬೆಳೆದ ನಾಯಿಯನ್ನು ಚಳ್ಳಕೆರೆಯ ಬೇಸಿಗೆಗೆ ತಂದು ನಿಲ್ಲಿಸುವುದು ಅತಿಭಾರಾರೋಪಣಕ್ಕೆ ಸಮಾನ. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವ ಉಪಾಯವಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಅದು ತನ್ನ ಉಷ್ಣವನ್ನು ಕಳೆದುಕೊಳ್ಳಬೇಕು. ಅದರ ಬೆನ್ನ ಮೇಲೆ ಮೂಟೆಯಿಲ್ಲದಿದ್ದರೂ, ಕಳಚಲಾಗದ ಕಂಬಳಿಯೊಂದನ್ನು ಒಡೆಯನ ಚಪಲವು ಹೊರಿಸಿದೆ.

ಆಹಾರದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಸ್ವಾಮಿ ಕಾರ್ತಿಕೇಯರು ತಮ್ಮ ಅನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಪ್ರಾಣಿಗಳನ್ನು ಸಾಕುವುದನ್ನೂ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳು ತಂದೆತಾಯಿಗಳ ಸೇವೆಯೊಡನೆ ಪ್ರಾಣಿದಯೆಯನ್ನೂ ವಿಧಿಸುತ್ತವೆ. ಅದೇ ಅರಸನ ಉತ್ತರದೇಶದ ಸ್ತಂಭಶಾಸನವೊಂದು ಇನ್ನೂ ಮುಂದೆ ಹೋಗಿ, ಒಂದು ಜೀವವನ್ನು ಇನ್ನೊಂದು ಜೀವದಿಂದ ಪೋಷಿಸಬಾರದೆಂದು ಕಟ್ಟಪ್ಪಣೆ ಮಾಡಿದೆ. ಹೀಗಿರುವಾಗ ಅಂಗಡಿಯಿಂದ ಮಾಂಸವನ್ನಾಗಲಿ, ಮಾಂಸ ಬೆರೆತ ಒಣ ಆಹಾರದ ಪೊಟ್ಟಣವನ್ನಾಗಲಿ ಕೊಂಡು ತಂದು ನಾಯಿಗೆ ಹಾಕುವುದು ಕಾರಿತಹಿಂಸೆಯಾಗದೆ ಇರದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಸ್ವಭಾವತಃ ಮಾಂಸ ತಿನ್ನುವ ಪ್ರಾಣಿಗೆ ಅದನ್ನು ಕೊಡದಿರುವುದು ಅನ್ನಪಾನನಿರೋಧವಾಗುವುದಿಲ್ಲವೇ? ಒಂದು ದೋಷವನ್ನು ಕಳೆಯಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಗುವುದಿಲ್ಲವೇ? ಆಕ್ಷೇಪವು ಹಗುರವಾದುದಲ್ಲ. ನಿರೋಧವೆಂದರೆ ಪೋಷಣೆಯನ್ನು ತಡೆದು ಹಸಿವಿನಿಂದ ಬಳಲಿಸುವುದು. ರಾಗಿ, ಅನ್ನ, ಬೇಳೆ, ಹಾಲುಗಳಿಂದ ನಾಯಿಯ ಹೊಟ್ಟೆ ತುಂಬಿ, ಮೈ ಪುಷ್ಟವಾಗಿದ್ದರೆ ಅಲ್ಲಿ ನಿರೋಧವಿಲ್ಲ. ನಾಯಿಯು ಮನುಷ್ಯನೊಡನೆ ಬಾಳುತ್ತ ಬಂದಂತೆ ಪಿಷ್ಟಾಹಾರವನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದಿದೆಯೆಂದು 2013ರಲ್ಲಿ ಪ್ರಕಟವಾದ ವೈಜ್ಞಾನಿಕ ಸಂಶೋಧನೆಯೊಂದು ತೋರಿಸಿದೆ. ಕುರಿಗಾಹಿಯ ಮುದ್ದೆ ತಿಂದು ಬಲವಾಗಿ ಬೆಳೆದ ನಾಯಿಗಳು ಅದಕ್ಕೆ ಕಣ್ಣೆದುರಿನ ನಿದರ್ಶನ. ಬೆಕ್ಕಿನ ದೇಹಪ್ರಕೃತಿ ಹಾಗಿಲ್ಲ. ಮಾಂಸದಲ್ಲಿರುವ ಕೆಲವು ಅಂಶಗಳಿಲ್ಲದೆ ಅದು ಕಣ್ಣು ಹೃದಯಗಳ ರೋಗಕ್ಕೆ ಗುರಿಯಾಗುತ್ತದೆ. ಕಾರ್ತಿಕೇಯಸ್ವಾಮಿಗಳು ಬೆಕ್ಕನ್ನೇ ಮೊದಲು ಹೆಸರಿಸಿದ್ದು ಎಷ್ಟು ಉಚಿತವೆಂಬುದು ಇದರಿಂದ ತಿಳಿಯುತ್ತದೆ. ಆದರೂ ಮರಿಗಳಿಗೂ ಹಾಲೂಡುವ ತಾಯಿಗೂ ಹೆಚ್ಚಿನ ಪುಷ್ಟಿ ಬೇಕು. ಪಶುವೈದ್ಯರ ಸಲಹೆಯಿಲ್ಲದೆ ಬರಿಯ ತಿಳಿಸಾರು ಅನ್ನ ಹಾಕಿ ಅದನ್ನೇ ವ್ರತವೆಂದು ತಿಳಿಯುವುದು ಸಲ್ಲದು. ತನ್ನ ವ್ರತದ ಮಿತಿಯಲ್ಲಿ ಯಾವ ಪ್ರಾಣಿಯನ್ನು ಆರೋಗ್ಯವಾಗಿ ಪೋಷಿಸಲು ಸಾಧ್ಯವಿಲ್ಲವೋ ಅದನ್ನು ಮನೆಗೆ ತರದಿರುವುದೇ ಸರಿಯಾದ ಮಾರ್ಗ. ತಂದ ಮೇಲೆ ಚಿಂತಿಸುವುದಕ್ಕಿಂತ ತರುವ ಮುನ್ನ ಚಿಂತಿಸುವುದು ವಿವೇಕ.

ಪರ್ವದ ದಿನಗಳಲ್ಲಿ ಈ ವಿಚಾರವು ಮತ್ತಷ್ಟು ಸ್ಪಷ್ಟವಾಗುತ್ತದೆ. ಅಷ್ಟಮಿ ಚತುರ್ದಶಿಗಳಲ್ಲಿ, ದಶಲಕ್ಷಣ ಪರ್ವದಲ್ಲಿ ಮನೆಮಂದಿಯೆಲ್ಲ ಉಪವಾಸವಿದ್ದು ಒಲೆ ಹೊತ್ತಿಸದ ಮನೆಯನ್ನು ನೆನೆಯಬಹುದು. ಆ ದಿನ ಅಂಗಳದ ನಾಯಿಗೆ ಏನು? ಅದೂ ಪುಣ್ಯ ಕಟ್ಟಿಕೊಳ್ಳಲಿ ಎಂದು ಕೆಲವರು ನಗುತ್ತ ಹೇಳುವುದುಂಟು. ತಿರ್ಯಂಚಜೀವಿಗೂ ವ್ರತದ ಅಧಿಕಾರವಿದೆಯೆಂಬುದು ನಿಜವೇ. ಮಹಾವೀರಸ್ವಾಮಿಯ ಜೀವವು ಹಿಂದಿನ ಒಂದು ಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶದಿಂದ ಸಮ್ಯಕ್ತ್ವವನ್ನು ಪಡೆದು, ಮಾಂಸಾಹಾರವನ್ನು ತೊರೆದು, ನಿರಾಹಾರವಾಗಿ ದೇಹವಿಟ್ಟ ಕಥೆಯನ್ನು ಗುಣಭದ್ರಾಚಾರ್ಯರ ಉತ್ತರಪುರಾಣವು ಹೇಳುತ್ತದೆ. ಆದರೆ ಆ ಸಿಂಹವನ್ನು ಯಾರೂ ಕಟ್ಟಿಹಾಕಿರಲಿಲ್ಲ. ತಿನ್ನಲು ಶಕ್ತಿಯಿತ್ತು, ತಿನ್ನಲು ಅವಕಾಶವಿತ್ತು, ತಿಳಿದು ಬಿಟ್ಟಿತು. ಕಟ್ಟಿದ ನಾಯಿಗೆ ಆ ಸಂಕಲ್ಪವೂ ಇಲ್ಲ, ಆ ಸ್ವಾತಂತ್ರ್ಯವೂ ಇಲ್ಲ. ಸಂಕಲ್ಪವಿಲ್ಲದ ಹಸಿವು ಉಪವಾಸವೆನಿಸದು. ಅದು ಹಸಿವು ಮಾತ್ರ. ಹಸಿದ ನಾಯಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಪ್ರೋಷಧೋಪವಾಸ ಮಾಡಿದವನು ತನ್ನ ಆಹಾರವನ್ನು ಬಿಟ್ಟು ಪಡೆದುದನ್ನು ನಾಯಿಯ ಆಹಾರವನ್ನು ತಡೆದು ಕಳೆದುಕೊಳ್ಳುತ್ತಾನೆ. ಆದುದರಿಂದ ಪರ್ವದ ಹಿಂದಿನ ದಿನವೇ ಅದರ ಪಾಲನ್ನು ಸಿದ್ಧಪಡಿಸುವುದು, ಇಲ್ಲವೆ ಉಪವಾಸವಿಲ್ಲದ ಮಗುವಿನ ಅಡುಗೆಯೊಡನೆ ಅದರದನ್ನೂ ಮಾಡುವುದು, ಸೂರ್ಯಾಸ್ತಕ್ಕೆ ಮುಂಚೆ ಹಾಕಿ ಬಾನಿಯಲ್ಲಿ ಸೋಸಿದ ನೀರನ್ನು ತುಂಬಿಡುವುದು ಗೃಹಸ್ಥನಿಗೆ ಕಷ್ಟದ ಕೆಲಸವಲ್ಲ.

ಮರಿ ಮಾಡಿಸಿ ಮಾರುವುದರಲ್ಲಿ ಎರಡು ವ್ರತಗಳು ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತವೆ. ಚತುಷ್ಪದಗಳು ಬಾಹ್ಯಪರಿಗ್ರಹದ ಎಣಿಕೆಯಲ್ಲಿ ಸೇರಿವೆ. ಎರಡು ಚತುಷ್ಪದಗಳೆಂದು ಪರಿಮಾಣ ಮಾಡಿಕೊಂಡವನ ಹೆಣ್ಣುನಾಯಿ ಸುಮಾರು ಅರವತ್ತಮೂರು ದಿನ ಗರ್ಭ ಹೊತ್ತು ಆರು ಮರಿ ಹಾಕಿದರೆ ಆತನ ಪರಿಮಾಣ ಮುರಿಯುತ್ತದೆ; ಅದನ್ನು ಉಳಿಸಿಕೊಳ್ಳಲು ಆತನು ಮರಿಗಳನ್ನು ಆತುರದಿಂದ ಸಾಗಹಾಕುತ್ತಾನೆ. 2017ರ ಶ್ವಾನ ಸಂತಾನಾಭಿವೃದ್ಧಿ ನಿಯಮಗಳು ಈ ಉದ್ಯಮಕ್ಕೆ ನೋಂದಣಿಯನ್ನು ಕಡ್ಡಾಯ ಮಾಡಿ, ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ವಿಧಿಸಿವೆ. ಕಾನೂನು ಎಂಟು ವಾರಕ್ಕೆ ತೃಪ್ತವಾಗುತ್ತದೆ. ಕೊಳ್ಳುವವನು ಎಂಥವನೆಂಬ ಪ್ರಶ್ನೆ ಉಳಿಯುತ್ತದೆ. ಶ್ರಾವಕನು ಕೇಳಲೇಬೇಕು. ವೇಗಕ್ಕೆ ಹೆಸರಾದ ಮುಧೋಳ ನಾಯಿಯ ಚಿತ್ರದ ಅಂಚೆಚೀಟಿ 2005ರಲ್ಲಿ ಹೊರಬಂದಿತು. ಅಂಥ ತಳಿಯ ಮರಿಯನ್ನು ಬೇಟೆಯ ಚಟವಿರುವವನ ಕೈಗೆ ಕೊಟ್ಟವನು ಕತ್ತಿಯನ್ನು ಕೊಟ್ಟವನಿಗಿಂತ ಬೇರೆಯಲ್ಲ. ಕತ್ತಿಗೆ ನೋವಿಲ್ಲ, ನಾಯಿಗೆ ನೋವಿದೆ ಎಂಬಷ್ಟೇ ಹೆಚ್ಚು. ಹಾಗೆಯೇ ಒಡಲು ಸೋಲುವವರೆಗೂ ಹೆಣ್ಣನ್ನು ಹೆರಿಸಿ, ಫಲವಿಲ್ಲದಾಗ ಕಾವಲಿನಲ್ಲಿ ಬಿಟ್ಟು ಬರುವುದಾದರೆ ಅಂಥ ಆದಾಯವು ನ್ಯಾಯೋಪಾತ್ತ ಧನವೆನಿಸದು. ಈ ಕಾರಣಗಳಿಂದ ಅಣುವ್ರತಿಯು ನಾಯಿಯ ವ್ಯಾಪಾರದಿಂದ ದೂರವಿರುವುದೇ ಶ್ರೇಯಸ್ಕರ. ಬೀದಿಯಲ್ಲಿ ಅನಾಥವಾಗಿ ಬಿದ್ದ ಮರಿಗೆ ಆಶ್ರಯ ಕೊಡುವುದಾದರೆ ಅದು ದಯಾದತ್ತಿ. ಅಲ್ಲಿ ಬೆಲೆಯ ಮಾತಿಲ್ಲ.

ಕೊನೆಯ ಪ್ರಶ್ನೆ ಮುದಿನಾಯಿಯದು. ವಾಸಿಯಾಗದ ರೋಗದಿಂದ ನರಳುವ ನಾಯಿಯನ್ನು ನೋಡಲಾರದೆ ಸೂಜಿಯಿಂದ ಪ್ರಾಣ ತೆಗೆಸುವುದು ದಯೆಯೆಂದು ಲೋಕದಲ್ಲಿ ಅನೇಕರು ಎಣಿಸುತ್ತಾರೆ. ಅವರ ಕಣ್ಣೀರು ಸುಳ್ಳಲ್ಲ. ಆದರೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಾದವನ್ನೇ ಎತ್ತಿಕೊಂಡು, ಬಹುದುಃಖದಲ್ಲಿರುವ ಜೀವವು ಬೇಗ ಬಿಡುಗಡೆ ಹೊಂದಲೆಂಬ ನೆವದಿಂದಲೂ ಕೊಲ್ಲಕೂಡದೆಂದು ನಿಷೇಧಿಸಿದ್ದಾರೆ. ನಿಷೇಧದೊಡನೆ ಹೊಣೆಯೂ ಬರುತ್ತದೆ. ಕೊಲ್ಲುವುದಿಲ್ಲವೆಂದು ಹೇಳಿ ಮೂಲೆಗೆ ತಳ್ಳುವುದು ಅಹಿಂಸೆಯಲ್ಲ. ನೋವು ತಗ್ಗಿಸುವ ಔಷಧ ಕೊಡಿಸಬೇಕು, ಹುಣ್ಣು ತೊಳೆಯಬೇಕು, ನೆರಳು ನೀರು ಒದಗಿಸಬೇಕು, ಹತ್ತಿರ ಕೂರಬೇಕು. ಭಾಸ್ಕರಕವಿ 1424ರಲ್ಲಿ ಬರೆದ ಜೀವಂಧರ ಚರಿತೆಯ ನಾಯಕನು, ಜನರ ಹೊಡೆತಕ್ಕೆ ಸಿಕ್ಕಿ ಪ್ರಾಣಬಿಡುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದನು. ಅದು ಯಕ್ಷನಾಗಿ ಹುಟ್ಟಿ ಆತನಿಗೆ ನೆರವಾಯಿತು. ಜೀವಂಧರನು ಆ ನಾಯಿಯ ಒಡೆಯನಾಗಿರಲಿಲ್ಲ. ಅದರಿಂದ ಆತನಿಗೆ ಕಾವಲಿನ ಉಪಕಾರವೂ ಆಗಿರಲಿಲ್ಲ. ದಾರಿಯ ನಾಯಿಗೆ ಅಷ್ಟು ಸಲ್ಲುವುದಾದರೆ, ಹತ್ತು ವರ್ಷ ಬಾಗಿಲು ಕಾಯ್ದ ನಾಯಿಗೆ ಎಷ್ಟು ಸಲ್ಲಬೇಕು?

ಧರ್ಮದಿಂದ ನಾಯಿಯೂ ದೇವನಾಗಬಲ್ಲುದು, ಪಾಪದಿಂದ ದೇವನೂ ನಾಯಿಯಾಗಬಲ್ಲನು ಎಂಬುದು ಸಮಂತಭದ್ರರ ಉಪದೇಶದ ಸಾರ. ಹಗ್ಗದ ಈ ತುದಿಯಲ್ಲಿರುವವನೂ ಆ ತುದಿಯಲ್ಲಿರುವುದೂ ಸಂಸಾರದಲ್ಲಿ ಸ್ಥಾನ ಬದಲಿಸುತ್ತಿರುವ ಜೀವಗಳೇ. ಆದುದರಿಂದ ಸಾಕುವವನು ಮಿತವಾಗಿ ಸಾಕಲಿ, ಬಿಡುವು ಕೊಟ್ಟು ಕಟ್ಟಲಿ, ತಾನು ಹಸಿದಿರುವ ದಿನವೂ ಅದನ್ನು ಉಣಿಸಲಿ, ಕೊನೆಯವರೆಗೂ ಕೈಬಿಡದಿರಲಿ. ಇಷ್ಟು ನಡೆಸಲಾರದವನು ಹಗ್ಗವನ್ನೇ ಹಿಡಿಯದಿರುವುದು ಉತ್ತಮ.