ಮೇಜಿನ ಸುತ್ತ ಹಾಡುವ ಸಂಗೀತ

2006ರಲ್ಲಿ ರಾಕ್ ಗಾಯಕ ಸ್ಟಿಂಗ್ ಒಂದು ವಿಚಿತ್ರ ಆಲ್ಬಂ ತಂದರು. ಡ್ರಮ್ಸ್ ಇಲ್ಲ, ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಇದ್ದದ್ದು ನಾನೂರು ವರ್ಷ ಹಳೆಯ ಇಂಗ್ಲಿಷ್ ಹಾಡುಗಳು, ಜೊತೆಗೆ ಬಾಸ್ನಿಯಾ ಮೂಲದ ಎಡಿನ್ ಕರಮಾಜೋವ್ ನುಡಿಸಿದ ಲೂಟ್ ಎಂಬ ತಂತಿವಾದ್ಯ. ಹಾಡುಗಳಲ್ಲಿ ಬಹುಪಾಲು ಜಾನ್ ಡೌಲಂಡ್ ಎಂಬಾತನವು. ಹೊರತಂದದ್ದು ಸಿಂಫನಿ ಧ್ವನಿಮುದ್ರಿಕೆಗಳಿಗೆ ಹೆಸರಾದ ಡಾಯ್ಚ ಗ್ರಾಮೋಫೋನ್ ಕಂಪನಿ. 'ಪೊಲೀಸ್' ಬ್ಯಾಂಡಿನ ಕಾಲದಿಂದ ಸ್ಟಿಂಗ್ ಅವರನ್ನು ಕೇಳುತ್ತ ಬಂದವರಿಗೆ ಇದು ತಲೆಬುಡ ತಿಳಿಯದ ಸಂಗತಿ. ಹಳೆಯ ಸಂಗೀತ ಬಲ್ಲವರಲ್ಲಿ ಕೆಲವರು ಮೂಗುಮುರಿದರು: ದನಿ ಒರಟು, ತಾಲೀಮು ಸಾಲದು.

ಒರಟೇನೋ ಹೌದು. ಆದರೆ ಡೌಲಂಡ್ ಯಾರಿಗಾಗಿ ಬರೆದ ಎಂದು ನೋಡಿದರೆ ಈ ತಕರಾರು ಅರ್ಧ ಸಡಿಲವಾಗುತ್ತದೆ. 1594ರಲ್ಲಿ ಆತ ಎಲಿಜಬೆತ್ ರಾಣಿಯ ಆಸ್ಥಾನದಲ್ಲಿ ಲೂಟ್ ವಾದಕನ ಕೆಲಸ ಕೇಳಿದ್ದ, ಸಿಗಲಿಲ್ಲ. ಮುಂದೆ ಡೆನ್ಮಾರ್ಕಿನ ದೊರೆ ವರ್ಷಕ್ಕೆ 500 ದಾಲರ್ ಕೊಟ್ಟು ಕರೆಸಿಕೊಂಡ. ಈ ಎರಡರ ನಡುವೆ, 1597ರಲ್ಲಿ, ತನ್ನ ಮೊದಲ ಹಾಡುಗಳ ಪುಸ್ತಕ ಅಚ್ಚು ಹಾಕಿಸಿದ. ಅದರ ಪುಟವಿನ್ಯಾಸವೇ ಒಂದು ಸೊಗಸು. ಎಡಪುಟದಲ್ಲಿ ಮುಖ್ಯ ಹಾಡು, ಅದರಡಿ ಲೂಟಿನ ಲಿಪಿ. ಬಲಪುಟದಲ್ಲಿ ಉಳಿದ ಮೂರು ದನಿಗಳು, ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿದಂತೆ. ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರೆ ಸುತ್ತ ಕೂತವರು ತಂತಮ್ಮ ಜಾಗದಿಂದಲೇ ಓದಿಕೊಂಡು ಹಾಡಬಹುದು. ಜೊತೆಗಾರರಿಲ್ಲದಿದ್ದರೆ ಒಬ್ಬರೇ ಲೂಟ್ ಹಿಡಿದು ಹಾಡಿದರೂ ನಡೆಯುತ್ತದೆ. ಪುಸ್ತಕ ಮತ್ತೆ ಮತ್ತೆ ಮರುಮುದ್ರಣ ಕಂಡಿತು. ಕೊಂಡವರೆಲ್ಲ ವಿದ್ವಾಂಸರಾಗಿರಲಿಲ್ಲ, ಊಟ ಮುಗಿಸಿ ನಾಲ್ಕು ಹಾಡು ಹಾಡಿಕೊಳ್ಳುವ ಅನುಕೂಲಸ್ಥ ಮನೆಗಳವರೂ ಇದ್ದರು. ಅವರ ಗಂಟಲು ಸ್ಟಿಂಗ್ ಗಂಟಲಿಗಿಂತ ನಯವಾಗಿತ್ತೆಂದು ಯಾರು ಹೇಳಬೇಕು?

ಹಾಗಾಗಿ ಈ ಸಂಗೀತಕ್ಕೆ ಅಪರಿಚಿತ ಕೇಳುಗ ಒಂದು ತೊಡಕಲ್ಲ. ತೊಡಕಾಗುವುದು ದೂರ. ಲೂಟಿನ ಹೊಟ್ಟೆ ತೆಳುವಾದ ಮರದ ಪಟ್ಟಿಗಳದು, ತಂತಿ ಪ್ರಾಣಿಯ ಕರುಳಿನದು, ಮೀಟುವುದು ಬೆರಳ ತುದಿಯಿಂದ. ನಾದ ಹುಟ್ಟಿದ ಚಣದಲ್ಲೇ ಕರಗತೊಡಗುತ್ತದೆ. ಸೆಖೆ, ತೇವ ಯಾವುದಾದರೂ ಸಾಕು, ಶ್ರುತಿ ಜಾರುತ್ತದೆ. ಎಂಬತ್ತು ವರ್ಷ ಬದುಕಿದ ಲೂಟ್ ವಾದಕ ಅರವತ್ತು ವರ್ಷವನ್ನು ಶ್ರುತಿ ಮಾಡುವುದರಲ್ಲೇ ಕಳೆದಿರುತ್ತಾನೆ ಎಂದು 18ನೇ ಶತಮಾನದ ಜರ್ಮನ್ ಸಂಗೀತಜ್ಞ ಮ್ಯಾಥೆಸನ್ ಗೇಲಿ ಮಾಡಿದ್ದುಂಟು. ಇಂಥ ವಾದ್ಯವನ್ನು ಸಾವಿರ ಜನರ ಮುಂದಿಟ್ಟರೆ ಹಿಂದಿನ ಸಾಲಿನವರಿಗೆ ಸಿಗುವುದು ಕೈಚಲನೆ ಮಾತ್ರ.

ನಮ್ಮ ವೀಣೆಯವರಿಗೆ ಈ ಕಷ್ಟ ಗೊತ್ತು. ಅರಮನೆಯ ತೊಟ್ಟಿಯಲ್ಲಿ, ಮನೆಯ ಪಡಸಾಲೆಯಲ್ಲಿ ತುಂಬಿಕೊಳ್ಳುತ್ತಿದ್ದ ನಾದ ಸಭಾಂಗಣದಲ್ಲಿ ಸೊರಗುತ್ತದೆ. ಅದಕ್ಕೇ ಈಗ ಹಲವರು ವಾದ್ಯಕ್ಕೆ ಕಾಂಟ್ಯಾಕ್ಟ್ ಮೈಕ್ ಅಂಟಿಸುತ್ತಾರೆ. ಸದ್ದು ದೊಡ್ಡದಾಗುತ್ತದೆ, ನಿಜ. ಎಷ್ಟೋ ಸಲ ಮೀಟಿನ ಕಟಕಟವೂ ಅದರೊಂದಿಗೆ ದೊಡ್ಡದಾಗಿ ಗಮಕದ ಬಾಲ ಮುಚ್ಚಿಹೋಗುತ್ತದೆ. ನನಗಂತೂ ಅದು ಬೇರೆಯೇ ವಾದ್ಯದಂತೆ ಕೇಳುತ್ತದೆ.

ಹಾಗೆಂದು ಮೈಕನ್ನೇ ಬೈಯುವಂತಿಲ್ಲ. ಸ್ಟಿಂಗ್ ಕಲಿತದ್ದೇ ಅದರ ಮುಂದೆ. ಕೊನೆಯ ಸಾಲಿಗೆ ದನಿ ಎಸೆಯುವ ಒಪೆರಾ ಗಾಯಕನ ಕಸುಬು ಅವರದಲ್ಲ; ತುಟಿಗೆ ಹತ್ತಿರವಿರುವ ಮೈಕಿಗೆ ಪಿಸುಗುಟ್ಟುವುದು ಅವರಿಗೆ ಸಲೀಸು. ಡೌಲಂಡನ ದುಃಖದ ಹಾಡುಗಳಿಗೆ ಬೇಕಾದದ್ದೂ ಅಷ್ಟೇ ದನಿ. ಆಲ್ಬಂನಲ್ಲಿ ಡೌಲಂಡ್ 1595ರಲ್ಲಿ ರಾಣಿಯ ಸಲಹೆಗಾರ ರಾಬರ್ಟ್ ಸೆಸಿಲ್‌ಗೆ ಬರೆದ ಪತ್ರದ ತುಣುಕುಗಳನ್ನೂ ಓದುತ್ತಾರೆ. ಮಾತಿನಿಂದ ಹಾಡಿಗೆ ಜಾರುವಾಗ ದನಿ ಏರಿಸುವ ಅಗತ್ಯವೇ ಬೀಳುವುದಿಲ್ಲ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಇದನ್ನು ಕೇಳಿದ ರಾಕ್ ಅಭಿಮಾನಿ, ಸಭಾಂಗಣದ ಟಿಕೆಟ್ ಕೊಂಡ ಪಂಡಿತನಿಗಿಂತ ಆ ಮೇಜಿಗೆ ಹತ್ತಿರ ಕೂತಿದ್ದ ಎಂದೇ ನನ್ನ ಎಣಿಕೆ.

ಆಮೇಲೆ ಇದೇ ಹಾಡುಗಳನ್ನು ಸ್ಟಿಂಗ್ ವೇದಿಕೆಯ ಮೇಲೂ ಹಾಡಿದರು. ಅಲ್ಲಿ ಡೌಲಂಡನ ಜೊತೆಗೆ ತಮ್ಮದೇ 'ಮೆಸೇಜ್ ಇನ್ ಎ ಬಾಟಲ್' ಗೀತೆಯನ್ನೂ ಲೂಟಿನೊಂದಿಗೆ ಹಾಡಿದ್ದುಂಟು. ಇದು ಬಂದವರನ್ನು ಮೆಚ್ಚಿಸುವ ಉಪಾಯ ಎನ್ನುವವರು ಎನ್ನಲಿ. ಕಾಸು ಕೊಟ್ಟು ಬಂದು, ಗೊತ್ತಿಲ್ಲದ ಹಾಡುಗಳನ್ನು ಅಷ್ಟು ಹೊತ್ತು ತಾಳ್ಮೆಯಿಂದ ಕೇಳಿದವರಿಗೆ ಅಷ್ಟಾದರೂ ಸಲ್ಲಬೇಡವೇ?