ಬಾಡಿಗೆ ಕೊಟ್ಟ ಅತಿಥಿ

ವಿಶಾಖಪಟ್ಟಣದ ಬಂದರಿನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ಅದಕ್ಕೂ ಹಿಂದಿನ ವರ್ಷದ ಜೂನ್‌ನಲ್ಲೇ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಚೆನ್ನೈ, ಪುದುಚೇರಿಗಳ ಜೊತೆ ಈ ಊರನ್ನೂ ತನ್ನ ದಾರಿಗೆ ಸೇರಿಸಿಕೊಂಡಿತ್ತು. ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ, ವಿಜಯವಾಡದಲ್ಲಿ ಕೃಷ್ಣೆಯನ್ನು ದಾಟಿ ವಿಶಾಖಪಟ್ಟಣ ಸೇರುವವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು: ರೈಲು ತಡವಾದೀತು, ಹಡಗು ಕಾಯಲಾರದು, ಆದ್ದರಿಂದ ಒಂದು ದಿನ ಮುಂಚೆ ಹೋಗಿ ಎಲ್ಲಾದರೂ ತಂಗಬೇಕು. ಆ ‘ಎಲ್ಲಾದರೂ’ ಎಂಬಲ್ಲಿ ಆಯ್ಕೆ ಶುರುವಾಗುತ್ತದೆ. ಬೀಚ್ ರೋಡಿನ ದುಬಾರಿ ಹೋಟೆಲುಗಳಿವೆ, ಡಾಬಾ ಗಾರ್ಡನ್ಸ್, ಜಗದಾಂಬ ಸೆಂಟರ್ ಕಡೆಯ ಊರ ನಡುವಿನ ಹೋಟೆಲುಗಳಿವೆ, ರೈಲ್ವೆ ಸ್ಟೇಷನ್ ಸುತ್ತ ಸಾಧಾರಣ ಲಾಡ್ಜುಗಳಿವೆ. ಬಾಡಿಗೆ ಎಷ್ಟು, ಬಂದರಿಗೆ ಎಷ್ಟು ದೂರ, ಬಾತ್‌ರೂಮು ಚೊಕ್ಕಟವೇ ಎಂದು ವಿಚಾರಿಸಿದರೆ ಮುಗಿಯಿತು ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಆದರೆ ಇದರೊಳಗೆ ಧರ್ಮಕ್ಕೆ ಸೇರಿದ ಪ್ರಶ್ನೆಯೂ ಒಂದಿದೆ. ಬಾಡಿಗೆ ಕೊಟ್ಟು ಒಂದು ರಾತ್ರಿ ಉಳಿದುಕೊಂಡವನು ಆ ಊರಿನ ಅತಿಥಿಯೋ, ಬರೀ ಗಿರಾಕಿಯೋ? ಹಣ ಕೊಟ್ಟದ್ದರಿಂದ ಅವನ ಯಾವ ಋಣ ತೀರಿತು, ಯಾವುದು ಉಳಿಯಿತು?

ನಮ್ಮಲ್ಲಿ ಅತಿಥಿಯ ಮಾತು ಬಂದಾಗಲೆಲ್ಲ ಆತಿಥೇಯನ ಕರ್ತವ್ಯವೇ ಮುಂದೆ ಬರುತ್ತದೆ. ಅತಿಥಿಯನ್ನು ದೇವರೆಂದು ಕಾಣು ಎಂಬ ತೈತ್ತಿರೀಯ ಉಪನಿಷತ್ತಿನ ಉಪದೇಶ ಪ್ರವಾಸೋದ್ಯಮ ಇಲಾಖೆಯ ಜಾಹೀರಾತಿನವರೆಗೂ ಬಂದಿದೆ. ಹೀಗೆ ನೋಡಿದರೆ ಅತಿಥಿಯಾಗಿ ಹೋದವನು ಮಾಡಬೇಕಾದದ್ದು ಏನೂ ಇಲ್ಲ. ಪೂಜೆ ಮಾಡಿಸಿಕೊಂಡರೆ ಸಾಕು. ಆದರೆ ಗ್ರಂಥಗಳನ್ನು ಹತ್ತಿರದಿಂದ ನೋಡಿದರೆ ಚಿತ್ರ ಬೇರೆ. ಒಂದೇ ರಾತ್ರಿ ಉಳಿಯುವವನನ್ನು ಅತಿಥಿಯೆಂದು ಗುರುತಿಸುವ ಮನುಸ್ಮೃತಿಯ ಮೂರನೆಯ ಅಧ್ಯಾಯ, ಅದರ ಬೆನ್ನಿಗೇ ಪರರ ಅನ್ನಕ್ಕೆ ಆಸೆಪಟ್ಟು ಮನೆಮನೆ ತಿರುಗುವವನು ಮುಂದಿನ ಜನ್ಮದಲ್ಲಿ ಆ ಅನ್ನದಾತರ ಮನೆಯ ಪಶುವಾಗುತ್ತಾನೆ ಎಂದು ಎಚ್ಚರಿಸುತ್ತದೆ. ಮಹಾಭಾರತದ ವನಪರ್ವದ ತೀರ್ಥಯಾತ್ರಾ ಭಾಗದಲ್ಲಿ ಯಾತ್ರೆಯ ಫಲ ಯಾರಿಗೆ ಎಂದು ಹೇಳುವಾಗ, ಕೈಕಾಲು ಮನಸ್ಸುಗಳನ್ನು ಹಿಡಿತದಲ್ಲಿಟ್ಟವನಿಗೆ, ಪ್ರತಿಗ್ರಹದಿಂದ ಅಂದರೆ ದಾನ ತೆಗೆದುಕೊಳ್ಳುವುದರಿಂದ ದೂರ ಉಳಿದವನಿಗೆ ಎಂಬ ಷರತ್ತು ಬರುತ್ತದೆ. ಯಾತ್ರಿಕ ಬಿಟ್ಟಿ ಉಪಚಾರಕ್ಕೆ ಕೈಯೊಡ್ಡಬಾರದು ಎಂಬುದು ಹಳೆಯ ವಿವೇಕ. ‘ಹಿಂದೆ ಛತ್ರಗಳಿದ್ದವು, ಈಗ ಎಲ್ಲವೂ ದುಡ್ಡು, ಕಾಲ ಕೆಟ್ಟಿತು’ ಎಂಬ ಹಳಹಳಿಕೆಗೆ ಪರಂಪರೆಯಲ್ಲೇ ಅಷ್ಟು ಗಟ್ಟಿಯಾದ ಆಧಾರ ಇಲ್ಲ. ತನ್ನ ತಂಗುವಿಕೆಯ ಖರ್ಚನ್ನು ತಾನೇ ಹೊರುವುದು ಯಾತ್ರಿಕನಿಗೆ ಅವಮಾನವಲ್ಲ, ಒಂದು ಬಗೆಯ ಸಂಯಮ.

ಆ ಹಳೆಯ ಛತ್ರಗಳ ಬಾಗಿಲಲ್ಲಿ ಏನು ನಡೆಯುತ್ತಿತ್ತು ಎಂಬುದನ್ನೂ ಮರೆಯಬಾರದು. ವಿಜಯವಾಡದ ಇಂದ್ರಕೀಲಾದ್ರಿಯಲ್ಲಿ ಸಿಕ್ಕ, ಪೂರ್ವ ಚಾಲುಕ್ಯ ಯುದ್ಧಮಲ್ಲನ ಬೆಜವಾಡ ಶಾಸನ ಸಾವಿರ ವರ್ಷಕ್ಕೂ ಹಳೆಯದು, ತೆಲುಗು ಪದ್ಯದ ಆದಿಮ ನಿದರ್ಶನಗಳಲ್ಲಿ ಒಂದು. ಚೇಬ್ರೋಲಿನಿಂದ ಜಾತ್ರೆಗೆಂದು ಬಂದ ಕುಮಾರಸ್ವಾಮಿ ಈ ಊರನ್ನು ಮೆಚ್ಚಿ ಇಲ್ಲೇ ನೆಲೆಸಿದ, ಅವನಿಗೆ ಗುಡಿಯೂ ಜೊತೆಗೊಂದು ಮಠವೂ ಎದ್ದವು ಎಂದು ಅದು ಹೇಳುತ್ತದೆ. ಅದರ ಜೊತೆಗೇ ಆ ಮಠದಲ್ಲಿ ಗೊರಗರಲ್ಲದೆ, ಅಂದರೆ ನಾವು ಗೊರವರೆನ್ನುವ ಶೈವ ಭಿಕ್ಷುಗಳಲ್ಲದೆ, ಬೇರೆಯವರು ಬೀಡುಬಿಡಬಾರದು ಎಂದು ಶಾಪ ಹಾಕಿ ತಡೆಯುತ್ತದೆ. ಪರವೂರಿನಿಂದ ಬಂದು ನೆಲೆಸಿದ ದೇವರ ಮಠದಲ್ಲೇ ಪರಕೀಯರಿಗೆ ಜಾಗವಿಲ್ಲ! ಇದು ಯುದ್ಧಮಲ್ಲನೊಬ್ಬನ ಕಠೋರತೆಯಲ್ಲ. ದಾನವಾಗಿ ಕಟ್ಟಿಸಿದ ವಸತಿಯ ಸ್ವಭಾವವೇ ಹಾಗೆ. ಕೊಡುವವನಿಗೆ ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಹಕ್ಕೂ ಇರುತ್ತದೆ. ಮನುಸ್ಮೃತಿಯ ಅದೇ ಅಧ್ಯಾಯ ಬ್ರಾಹ್ಮಣನ ಮನೆಗೆ ಬಂದ ವೈಶ್ಯ ಶೂದ್ರರನ್ನು ಅತಿಥಿಗಳೆಂದು ಎಣಿಸದೆ ಆಳುಗಳ ಜೊತೆ ಕೂರಿಸಿ ಉಣಿಸಲು ಹೇಳುತ್ತದೆ. ನಮ್ಮ ಕಡೆಯ ಎಷ್ಟೋ ಛತ್ರಗಳು ಜಾತಿ ಕೇಳಿಯೇ ಚಾಪೆ ಕೊಟ್ಟವು. ಮದರಾಸು ಪ್ರಾಂತದ ಉಡುಪಿ ಹೋಟೆಲುಗಳಲ್ಲೂ ಬ್ರಾಹ್ಮಣರ ಪಂಕ್ತಿ ಬಹುಕಾಲ ಬೇರೆಯಾಗಿತ್ತು. ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡ ಅಂಗಡಿ, ಹೋಟೆಲುಗಳನ್ನು ಹೆಸರಿಸಿ, ಜಾತಿ ಮತ ಲಿಂಗಗಳ ಕಾರಣಕ್ಕೆ ಯಾರನ್ನೂ ಅಲ್ಲಿಂದ ತಡೆಯಬಾರದೆಂದು ಹೇಳಬೇಕಾಗಿ ಬಂದದ್ದು ಈ ಇತಿಹಾಸದಿಂದಲೇ. ಬಾಡಿಗೆಯ ರೂಮಿನ ನೈತಿಕ ಹಿರಿಮೆ ಇಲ್ಲಿದೆ. ಅದು ‘ನೀನು ಯಾರು’ ಎಂದು ಕೇಳುವುದನ್ನು ಬಿಟ್ಟು ‘ಎಷ್ಟು ದಿನ’ ಎಂದು ಕೇಳಿತು.

ಸಮುದ್ರಯಾನದ ನಿಷೇಧವನ್ನೂ ಈ ಬೆಳಕಿನಲ್ಲಿ ಓದಬೇಕು. ಬೌಧಾಯನ ಧರ್ಮಸೂತ್ರ ಕಡಲ ಪ್ರಯಾಣವನ್ನು ಒಂದು ಕಡೆ ಉತ್ತರದವರ ಆಚಾರವೆಂದು ಎಣಿಸುತ್ತದೆ, ಇನ್ನೊಂದು ಕಡೆ ಜಾತಿಯಿಂದ ಬೀಳಿಸುವ ಪಾಪಗಳ ಸಾಲಿಗೆ ಸೇರಿಸುತ್ತದೆ. ಕಲಿವರ್ಜ್ಯದ, ಅಂದರೆ ಕಲಿಯುಗದಲ್ಲಿ ಮಾಡಬಾರದೆಂದ ಆಚಾರಗಳ, ಪಟ್ಟಿಗಳು ಇನ್ನೂ ಮುಂದೆ ಹೋಗಿ, ಕಡಲು ದಾಟಿ ಬಂದ ದ್ವಿಜನನ್ನು ಪ್ರಾಯಶ್ಚಿತ್ತವಾದ ಮೇಲೂ ಕೂಡಿಸಿಕೊಳ್ಳಬಾರದೆಂದವು. ಹಾಗಂತ ಕಡಲಿನ ಮೇಲೆ ಯಾರೂ ಹೋಗುತ್ತಿರಲಿಲ್ಲವೆಂದಲ್ಲ: ಯಾಜ್ಞವಲ್ಕ್ಯ ಸ್ಮೃತಿ ಕಾಡುದಾರಿಯ ವ್ಯಾಪಾರಿಗೆ ನೂರಕ್ಕೆ ಹತ್ತು, ಕಡಲ ವ್ಯಾಪಾರಿಗೆ ನೂರಕ್ಕೆ ಇಪ್ಪತ್ತು ಬಡ್ಡಿಯನ್ನು ಒಪ್ಪುತ್ತದೆ. ಲೆಕ್ಕಕ್ಕೆ ಸಿಗುವ ಅಪಾಯಕ್ಕೆ ಬಡ್ಡಿ ಇತ್ತು. ಲೆಕ್ಕಕ್ಕೆ ಸಿಗದೆ ಉಳಿದದ್ದು ಬೇರೆ: ಹಡಗಿನಲ್ಲಿ ಯಾರ ಪಕ್ಕ ಮಲಗಬೇಕು, ಯಾರು ಮುಟ್ಟಿದ ನೀರು ಕುಡಿಯಬೇಕು ಎಂಬುದು. ನೀರಿನ ಭಯಕ್ಕಿಂತ ನೆರೆಯವನ ಭಯ ದೊಡ್ಡದಾಗಿತ್ತು. 1888ರಲ್ಲಿ ಲಂಡನ್ನಿಗೆ ಹೊರಟ ಗಾಂಧಿಯವರಿಗೆ ಮೋಢ ಬನಿಯಾ ಪಂಚಾಯಿತಿ ಬಹಿಷ್ಕಾರ ಹಾಕಿದಾಗ ಎತ್ತಿದ ಆಕ್ಷೇಪವೂ ಅಲ್ಲಿ ಊಟ, ಒಡನಾಟಗಳಲ್ಲಿ ಧರ್ಮ ಉಳಿಯದೆಂಬುದೇ. ಹಡಗೆಂದರೆ ನೆರೆಹೊರೆಯನ್ನು ಆರಿಸಿಕೊಳ್ಳಲಾಗದ ವಸತಿ. ಇದೇ ಕರಾವಳಿಯ ವಿಶಾಖಪಟ್ಟಣ, ಭೀಮುನಿಪಟ್ಟಣ, ಕಾಕಿನಾಡ ಬಂದರುಗಳಿಂದ ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ ರಂಗೂನಿಗೆ ಕೂಲಿಗೆ ಹೋದ ಅಪಾರ ತೆಲುಗು ಜನರಿಗೆ ಡೆಕ್ಕಿನ ಮೇಲಾಗಲಿ, ಹತ್ತುವ ಮುಂಚಿನ ರಾತ್ರಿಯಾಗಲಿ ಆರಿಸುವ ಮಾತೇ ಇರಲಿಲ್ಲ. ಇಂದು ಅದೇ ಕಡಲ ದಂಡೆಯಲ್ಲಿ ನಿಂತು ಮೂರು ಹೋಟೆಲುಗಳನ್ನು ತೂಗಿನೋಡುವವನ ಕೈಯಲ್ಲಿರುವುದು ಆ ಚರಿತ್ರೆಯಲ್ಲಿ ಬಹಳ ಮಂದಿಗೆ ಸಿಗದ ಸ್ವಾತಂತ್ರ್ಯ. ಸ್ವಾತಂತ್ರ್ಯವಿದ್ದಲ್ಲಿ ಹೊಣೆಯ ಪ್ರಶ್ನೆಯೂ ಏಳುತ್ತದೆ.

ಆ ಹೊಣೆ ಯಾವ ಬಗೆಯದು ಎಂಬುದಕ್ಕೆ ವಿಶಾಖಪಟ್ಟಣದ ಪಕ್ಕದಲ್ಲೇ ಸುಳಿವಿದೆ. ಊರಿನಿಂದ ಭೀಮುನಿಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಕಡಲಿಗೆ ಮುಖಮಾಡಿದ ತೊಟ್ಲಕೊಂಡ ಬೆಟ್ಟದ ಮೇಲೆ ಎರಡು ಸಾವಿರ ವರ್ಷ ಹಳೆಯ ಬೌದ್ಧ ವಿಹಾರದ ಅವಶೇಷಗಳಿವೆ. 1988ರಿಂದ 1993ರವರೆಗೆ ನಡೆದ ಉತ್ಖನನದಲ್ಲಿ ಸ್ತೂಪ, ಚೈತ್ಯ, ಭಿಕ್ಷುಗಳ ಕೋಣೆಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕವು. ಕಡಲ ವ್ಯಾಪಾರದ ನಂಟು ಅದಕ್ಕಿತ್ತು. ಇಂಥ ವಿಹಾರಗಳ ಬದುಕಿಗೆ ಚೌಕಟ್ಟಾಗಿದ್ದ ವಿನಯಪಿಟಕದ ಚುಲ್ಲವಗ್ಗದಲ್ಲಿ ತಂಗುದಾಣದ ಕರ್ತವ್ಯಗಳನ್ನೇ ಹೇಳುವ ಒಂದು ಭಾಗವಿದೆ. ಅಲ್ಲಿರುವವರು ಏನು ಮಾಡಬೇಕೆಂದಷ್ಟೇ ಅಲ್ಲ, ಬಂದವನು ಏನು ಮಾಡಬೇಕು, ಹೊರಟವನು ಏನು ಮಾಡಬೇಕು ಎಂದೂ ಅದು ವಿವರಿಸುತ್ತದೆ. ಬಂದವನು ಪಾದರಕ್ಷೆ ಕಳಚಿ ಒಳಗೆ ಬರಬೇಕು, ನೀರು ಎಲ್ಲಿದೆ, ಭಿಕ್ಷೆಗೆ ಯಾವ ಕಡೆ ಹೋಗಬೇಕೆಂದು ಕೇಳಿ ತಿಳಿಯಬೇಕು. ಹೊರಡುವವನು ಮರದ, ಮಣ್ಣಿನ ಸಾಮಾನುಗಳನ್ನು ಒಪ್ಪವಾಗಿಟ್ಟು, ಕಿಟಕಿ ಬಾಗಿಲು ಮುಚ್ಚಿ, ಕೋಣೆಯನ್ನು ಒಪ್ಪಿಸಿ ಹೋಗಬೇಕು. ಇವುಗಳಲ್ಲಿ ಯಾವುದೂ ಉಪಚಾರಕ್ಕೆ ಪ್ರತಿಯಾಗಿ ಸಲ್ಲುವ ಕಾಣಿಕೆಯಲ್ಲ. ತನ್ನದಲ್ಲದ ಜಾಗದಲ್ಲಿ, ತನ್ನ ನಂತರ ಇನ್ನೊಬ್ಬರು ಬರುವ ಜಾಗದಲ್ಲಿ ಇದ್ದೇನೆ ಎಂಬ ಅರಿವಿನಿಂದ ಹುಟ್ಟಿದ ನಡತೆ. ಹಾಗಾದರೆ ಆ ಜಾಗ ದಾನವಾಗಿ ಸಿಕ್ಕಿತೋ ದುಡ್ಡಿಗೆ ಸಿಕ್ಕಿತೋ ಎಂಬುದರಿಂದ ನಡತೆ ಬದಲಾಗಬೇಕಿಲ್ಲ. ಹಣ ಆತಿಥೇಯನ ಋಣವನ್ನು ತೀರಿಸುತ್ತದೆ. ಅತಿಥಿಯ ಹೊಣೆಯನ್ನು ತೀರಿಸುವುದಿಲ್ಲ. ನನ್ನ ವಾದದ ತಿರುಳು ಇಷ್ಟೇ.

ಈ ಹೊಣೆ ಹೋಟೆಲು ಆರಿಸುವಾಗಲೇ ಆರಂಭವಾಗುತ್ತದೆ. ಕ್ರೂಸ್ ಹಡಗೊಂದು ಊಟ, ನಿದ್ದೆ, ಮನರಂಜನೆ ಎಲ್ಲವನ್ನೂ ತನ್ನೊಳಗೇ ಕಟ್ಟಿಕೊಂಡ ಲೋಕ. ಹಿಂದಿನ ರಾತ್ರಿಯನ್ನೂ ಅಂಥದೇ ಗೋಡೆಯೊಳಗೆ ಕಳೆದರೆ ವಿಶಾಖಪಟ್ಟಣ ಎಂಬ ಊರು ಪ್ರಯಾಣಿಕನ ಪಾಲಿಗೆ ಬರೀ ಒಂದು ಮೆಟ್ಟಿಲು. ಅವನು ಅದರ ನೀರು, ರಸ್ತೆ, ದುಡಿಮೆಗಳನ್ನು ಬಳಸಿಯೂ ಅದರ ಯಾರಿಗೂ ಎದುರಾಗುವುದಿಲ್ಲ. ಊರ ನಡುವೆ ತಂಗಿದವನಿಗೆ ಹಾಗೆ ತಪ್ಪಿಸಿಕೊಳ್ಳುವುದು ಕಷ್ಟ. ಪೂರ್ಣಾ ಮಾರ್ಕೆಟ್ಟಿನ ಗದ್ದಲ ಅವನಿಗೆ ನಡಿಗೆಯ ದೂರದಲ್ಲಿರುತ್ತದೆ. ಕಲೆಕ್ಟರ್ ಟರ್ನರ್ ಹೆಸರಿನ ಹಳೆಯ ಸತ್ರವೂ ಅದೇ ಭಾಗದಲ್ಲಿದೆ. ಬಂದರಿನ ಬಾಯಲ್ಲಿ ಮೂರು ಗುಡ್ಡಗಳ ಮೇಲೆ ವೆಂಕಟೇಶ್ವರನ ಗುಡಿ, ಇಸಾಕ್ ಮದೀನಾ ದರ್ಗಾ, ರಾಸ್ ಹಿಲ್ ಚರ್ಚು ಒಂದರ ಪಕ್ಕ ಒಂದು ನಿಂತಿವೆ. ಅಲ್ಲಿಂದ ದೂರವಲ್ಲದ ಬುರುಜುಪೇಟೆಯಲ್ಲಿ ಕನಕಮಹಾಲಕ್ಷ್ಮಿಯ ಗುಡಿ. ಈ ದೇವಿಗೆ ಸೂರು ಇಲ್ಲ. ಬಯಲಲ್ಲಿ ನಿಂತಿರುವ ಅವಳನ್ನು ಜಾತಿ ಭೇದವಿಲ್ಲದೆ ಭಕ್ತರು ತಾವೇ ಮುಟ್ಟಿ ಅರಿಶಿನ ಕುಂಕುಮ ಹಚ್ಚಿ ಪೂಜಿಸುತ್ತಾರೆ. ಆಯ್ದವರಿಗೆ ಮಾತ್ರ ಬಾಗಿಲು ತೆರೆಯುವ ಬೆಜವಾಡದ ಮಠಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಇನ್ನೊಂದು ಬೇಕಿಲ್ಲ. ಮುಚ್ಚಿಕೊಳ್ಳದಿರುವುದೇ ಇಲ್ಲಿ ದೈವದ ಲಕ್ಷಣವಾಗಿದೆ.

ಆದರೆ ಊರ ನಡುವೆಯೇ ತಂಗಬೇಕು ಎಂಬುದನ್ನು ಒಂದು ಹೊಸ ಶಾಸ್ತ್ರವಾಗಿ ಹೇರುವುದು ನನ್ನ ಉದ್ದೇಶವಲ್ಲ. ವಿಜಯವಾಡವನ್ನೇ ನೋಡಿ. ದಸರೆಯಲ್ಲಿ, ಅದರಲ್ಲೂ ಮೂಲಾ ನಕ್ಷತ್ರದಂದು ಕನಕದುರ್ಗೆಗೆ ಸರಸ್ವತಿಯ ಅಲಂಕಾರವಾದಾಗ, ಬೆಟ್ಟದ ಕೆಳಗಿನ ಊರು ಕಿಕ್ಕಿರಿಯುತ್ತದೆ. ಅದಾದ ಮೇಲೆ ಕೆಂಪು ಬಟ್ಟೆಯ ಭವಾನಿ ದೀಕ್ಷೆಯವರು ಗುಂಪುಗುಂಪಾಗಿ ಬರುತ್ತಾರೆ. ಅಂಥ ದಿನಗಳಲ್ಲಿ ಪ್ರಕಾಶಂ ಬ್ಯಾರೇಜು, ಭವಾನಿ ದ್ವೀಪ ನೋಡಿ ಮುಂದೆ ಹೋಗುವ ಪ್ರವಾಸಿ ಊರ ನಡುವಿನ ರೂಮನ್ನು ಹೆಚ್ಚಿನ ದರಕ್ಕೆ ಹಿಡಿದರೆ, ಹರಕೆ ಹೊತ್ತು ಬಂದ ಮುದುಕಿಯೊಬ್ಬಳು ಘಾಟಿನ ಮೆಟ್ಟಿಲ ಮೇಲೆ ಮಲಗಬೇಕಾದೀತು. ಆಗ ಅತಿಥಿಧರ್ಮ ಅವನನ್ನು ಊರಿನಾಚೆಗೆ ಕಳಿಸುತ್ತದೆ. ವಿಶಾಖಪಟ್ಟಣದಲ್ಲಿ ನಡುವೆ ಬಾ ಎಂದದ್ದೂ, ವಿಜಯವಾಡದಲ್ಲಿ ಪಕ್ಕಕ್ಕೆ ಸರಿ ಎನ್ನುವುದೂ ಒಂದೇ ತತ್ತ್ವ: ಈ ಜಾಗದ ಮೇಲೆ ನನಗಿಂತ ಮೊದಲ ಹಕ್ಕು ಯಾರದು, ನಾನು ಇಲ್ಲಿರುವುದರಿಂದ ಯಾರಿಗೆ ಏನಾಗುತ್ತದೆ ಎಂದು ಕೇಳಿಕೊಳ್ಳುವುದು.

ಇದಕ್ಕೆ ಬರುವ ಮೊದಲ ಆಕ್ಷೇಪ ವ್ಯವಹಾರಸ್ಥರದು. ಹೋಟೆಲು ಒಂದು ಒಪ್ಪಂದ. ಬಿಲ್ಲು ಕಟ್ಟಿದರೆ ಕೊಡುಕೊಳ್ಳುವುದು ಮುಗಿಯಿತು, ಉಳಿದದ್ದೆಲ್ಲ ಭಾವುಕತೆ ಎನ್ನುತ್ತಾರೆ ಅವರು. ಒಪ್ಪಂದ ಇರುವುದು ನಿಜ, ಅದು ಒಳ್ಳೆಯದೂ ಹೌದು. ಆದರೆ ಆ ಒಪ್ಪಂದ ಮಾಲೀಕನ ಜೊತೆಗಿನದು. ಹಾಸಿಗೆ ಮಡಚುವ ಹೆಂಗಸು, ರಾತ್ರಿ ಲಗೇಜು ಹೊತ್ತ ಹುಡುಗ, ಬೇಸಿಗೆಯಲ್ಲಿ ಕೊಳಾಯಿ ನೀರಿಗೆ ಕಾಯುವ ಹಿಂದಿನ ಬೀದಿಯವರು ಅದಕ್ಕೆ ಸಹಿ ಹಾಕಿಲ್ಲ. ಸಹಿ ಹಾಕದವರ ವಿಷಯದಲ್ಲಿ ನಮ್ಮ ನಡತೆಯನ್ನು ನಿಯಂತ್ರಿಸುವುದು ಒಪ್ಪಂದವಲ್ಲ, ಧರ್ಮವೇ. ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಮಂಡಿನೋವಿನ ಹಿರಿಯರು, ಗಾಲಿಕುರ್ಚಿಯಲ್ಲಿರುವವರು, ಕೈಗೂಸಿನ ತಾಯಿ ಬಂದರಿಗೆ ಹತ್ತಿರದ, ಲಿಫ್ಟು ಇರುವ ಹೋಟೆಲನ್ನೇ ಹಿಡಿಯಬೇಕಾಗುತ್ತದೆ, ಒಬ್ಬಳೇ ಹೊರಟ ಹೆಣ್ಣಿಗೆ ಸುರಕ್ಷತೆಯೇ ಮೊದಲು. ಅವರಿಗೆ ಇದೆಲ್ಲ ಯಾಕೆ? ಅವರ ಆಯ್ಕೆಯಲ್ಲಿ ಯಾವ ಲೋಪವೂ ಇಲ್ಲ. ವ್ರತ, ಉಪವಾಸಗಳ ವಿಧಿಗಳು ಮುದುಕರಿಗೂ ರೋಗಿಗಳಿಗೂ ವಿನಾಯಿತಿ ಕೊಡುತ್ತಲೇ ಬಂದಿವೆ. ಹೊಣೆ ಶಕ್ತಿಗೆ ತಕ್ಕಷ್ಟು. ಜಾಗ ಬದಲಿಸಲಾಗದವರು ನಡತೆಯಿಂದ ಅದನ್ನು ತೀರಿಸಬಹುದು. ಮೂರನೆಯದು ಸಂದೇಹವಾದಿಯದು: ಊರ ನಡುವೆ ಒಂದು ಸಂಜೆ ಅಡ್ಡಾಡಿದ ಮಾತ್ರಕ್ಕೆ ಊರು ಅರ್ಥವಾಗುತ್ತದೆಯೇ? ಇದೂ ಪ್ರವಾಸಿಯ ಇನ್ನೊಂದು ಚಪಲವಲ್ಲವೇ? ಅರ್ಥವಾಗುವುದಿಲ್ಲ, ನಿಜ. ಅತಿಥಿಯಿಂದ ಯಾವ ಪರಂಪರೆಯೂ ಅದನ್ನು ಕೇಳಿಲ್ಲ. ಕೇಳಿದ್ದು ಅವನ ಸಾಮಾನ್ಯ ಮರ್ಯಾದೆ: ಬೆಲೆ ಕೇಳಿ ಕೊಳ್ಳುವುದು, ದಾರಿ ಕೇಳಿ ನಡೆಯುವುದು, ಬೇಡದ ಕಡೆ ಕ್ಯಾಮೆರಾ ಎತ್ತದಿರುವುದು.

ಎಷ್ಟೋ ತಲೆಮಾರುಗಳು ಹೋರಾಡಿ ವಸತಿಯ ಬಾಗಿಲಿನಿಂದ ಕುಲದ ಪ್ರಶ್ನೆಯನ್ನು ತೆಗೆಸಿವೆ. ಅದನ್ನು ತೆಗೆಸಿದ್ದು ಆ ಬಾಗಿಲಲ್ಲಿ ಯಾವ ಪ್ರಶ್ನೆಯೂ ಉಳಿಯದಿರಲಿ ಎಂದಲ್ಲ. ಮೊದಲು ಮನೆಯವನು ಬಂದವನನ್ನು ಪರೀಕ್ಷಿಸುತ್ತಿದ್ದ. ಈಗ ಬಂದವನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕಾಗಿದೆ. ಇದು ಮೊದಲಿನದಕ್ಕಿಂತ ಕಷ್ಟ, ಯಾಕೆಂದರೆ ಉತ್ತರ ಕೊಡದಿದ್ದರೂ ರೂಮಿನ ಕೀಲಿ ಸಿಗುತ್ತದೆ. ಹಡಗು ಹತ್ತುವ ಮುಂಚಿನ ರಾತ್ರಿಗೆಂದು ಹೋಟೆಲು ಹುಡುಕುವವರು ಬಾಡಿಗೆ, ದೂರ, ಸೌಕರ್ಯಗಳ ಪಟ್ಟಿಗೆ ‘ನಾನು ಇಲ್ಲಿರುವುದರಿಂದ ಯಾರಿಗೆ ಏನಾಗುತ್ತದೆ’ ಎಂಬ ಒಂದು ಪ್ರಶ್ನೆಯನ್ನೂ ಸೇರಿಸಿಕೊಂಡರೆ, ಹಣ ಕೊಟ್ಟು ಕೊಂಡ ವಸತಿಯಲ್ಲೂ ಅತಿಥಿಧರ್ಮ ಉಳಿಯುತ್ತದೆ. ಸೇರಿಸಿಕೊಳ್ಳದಿದ್ದರೆ ಯಾರೂ ಶಾಪ ಹಾಕುವುದಿಲ್ಲ. ಆದರೆ ಬಾಗಿಲು ಎಲ್ಲರಿಗೂ ತೆರೆದ ಕಾಲದಲ್ಲಿ ಆ ತೆರೆದ ಬಾಗಿಲಿಗೆ ತಕ್ಕವರಾಗಿ ನಾವು ನಡೆದುಕೊಳ್ಳಲಿಲ್ಲ ಎಂದಷ್ಟೇ ಆಗುತ್ತದೆ.